ಹೊಸ ವರ್ಷದ ಕೂಟಕ್ಕೆ ಮನೆಯಲ್ಲೇ ಫಾರ್ಚೂನ್ ಕುಕಿ: ಮಡಚುವಾಗ ಒಡೆಯದಂತೆ, ಮರುದಿನ ಮೆತ್ತಗಾಗದಂತೆ ಮಾಡುವುದು ಹೇಗೆ?

ಪ್ರಶ್ನೆ: ಕೂಟದ ಹೊಣೆಗಾರ

ಎಲ್ಲರಿಗೂ ನಮಸ್ಕಾರ. ವರ್ಷದ ಕೊನೆಯ ರಾತ್ರಿ ನಮ್ಮ ಮನೆಯಲ್ಲಿ ಸುಮಾರು ನಲವತ್ತು ಮಂದಿ ಸೇರಲಿದ್ದಾರೆ. ಊಟ ಮುಗಿದ ಮೇಲೆ, ಹನ್ನೆರಡು ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು, ಪ್ರತಿಯೊಬ್ಬರ ಕೈಗೂ ಒಂದೊಂದು ಫಾರ್ಚೂನ್ ಕುಕಿ (ಒಳಗೆ ಭವಿಷ್ಯದ ಚೀಟಿಯಿಟ್ಟು ಮಡಚಿದ ತೆಳುವಾದ ಗರಿಗರಿ ಬಿಸ್ಕತ್ತು) ಕೊಟ್ಟು, ಅದರೊಳಗಿನ ಚೀಟಿಯನ್ನು ಅವರಿಂದಲೇ ಎಲ್ಲರೆದುರು ಓದಿಸಬೇಕೆಂಬುದು ನನ್ನ ಯೋಚನೆ. ಕೊಂಡುತರುವ ಪೊಟ್ಟಣಗಳ ಚೀಟಿಗಳಲ್ಲಿ ಯಾರಿಗೂ ತಾಗದ, ಯಾರಿಗೂ ಹೊರತಲ್ಲದ ಮಾತುಗಳೇ ಇರುತ್ತವೆ. ಬರುವವರ ಸ್ವಭಾವ ಬಲ್ಲ ನಾವೇ ಕನ್ನಡದಲ್ಲಿ ಚೀಟಿ ಬರೆದರೆ ಅದರ ರುಚಿಯೇ ಬೇರೆ ಎಂಬ ಕಾರಣಕ್ಕೆ ಕುಕಿಗಳನ್ನು ಮನೆಯಲ್ಲೇ ಮಾಡಲು ನಿರ್ಧರಿಸಿದ್ದೇನೆ.

ಪರೀಕ್ಷೆಗೆಂದು ಸ್ವಲ್ಪ ಹಿಟ್ಟು ಕಲಸಿ ಬೇಯಿಸಿ ನೋಡಿದೆ. ರುಚಿಯ ವಿಷಯದಲ್ಲಿ ದೂರಿಲ್ಲ. ಆದರೆ ಟ್ರೇಯಿಂದ ಮೊದಲು ತೆಗೆದ ಒಂದೆರಡು ಬಿಲ್ಲೆಗಳು ಚೆನ್ನಾಗಿ ಮಡಚಿಕೊಂಡರೆ, ಉಳಿದವು ಕೈಯಲ್ಲೇ ಚಟಕ್ಕನೆ ಮುರಿದವು. ಚೆನ್ನಾಗಿ ಬಂದವನ್ನು ಡಬ್ಬಿಗೆ ಹಾಕಿಟ್ಟರೆ ಮರುದಿನ ಬೆಳಿಗ್ಗೆ ಅವು ರಬ್ಬರಿನಂತೆ ಬಾಗುತ್ತಿದ್ದವು. ಪಾಕವಿಧಾನಗಳನ್ನು ಹುಡುಕಿದರೆ ಒಬ್ಬರು ಐದು ನಿಮಿಷ ಬೇಯಿಸಿ ಎನ್ನುತ್ತಾರೆ, ಇನ್ನೊಬ್ಬರು ಹದಿನೈದು ನಿಮಿಷ ಎನ್ನುತ್ತಾರೆ. ಒಬ್ಬರು ಬೆಣ್ಣೆಯಿಲ್ಲದೆ ಆಗದು ಎಂದರೆ ಮತ್ತೊಬ್ಬರು ಬೆಣ್ಣೆಯೇ ಬೇಡ ಎನ್ನುತ್ತಾರೆ.

ಆದ್ದರಿಂದ ಅನುಭವವಿರುವವರಲ್ಲಿ ನನ್ನ ಪ್ರಶ್ನೆಗಳು ಇವು: ಬೇಯಿಸುವ ಹದವನ್ನು ಗಡಿಯಾರವಲ್ಲದೆ ಬೇರೆ ಯಾವುದರಿಂದ ಗುರುತಿಸಬಹುದು? ನಲವತ್ತು ಮಂದಿಗೆ ಬೇಕಾಗುವಷ್ಟನ್ನು ಒಬ್ಬರೋ ಇಬ್ಬರೋ ಸೇರಿ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಲು ಸಾಧ್ಯವೇ? ಎಷ್ಟು ದಿನ ಮೊದಲೇ ಮಾಡಿಟ್ಟುಕೊಳ್ಳಬಹುದು? ಚೀಟಿಗೆ ಎಂಥ ಕಾಗದ, ಎಂಥ ಶಾಯಿ ಬಳಸಬೇಕು?

ಉತ್ತರ: ಬೇಕರಿ ಕೈ

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧಭಾಗವಿದೆ. ಟ್ರೇಯಿಂದ ಮೊದಲು ತೆಗೆದವು ಮಡಚಿಕೊಂಡವು, ಆಮೇಲಿನವು ಮುರಿದವು ಎಂದಿದ್ದೀರಿ. ಎಂದರೆ ಹಿಟ್ಟಿನಲ್ಲಿ ದೋಷವಿಲ್ಲ, ನೀವು ಒಂದು ಸಲಕ್ಕೆ ಬೇಯಿಸಿದ ಸಂಖ್ಯೆ ಹೆಚ್ಚಾಯಿತು. ಓವನ್ನಿನಿಂದ ಹೊರಬಂದ ಬಿಲ್ಲೆ ಮೆತ್ತಗಿರುವುದು ಹತ್ತರಿಂದ ಹದಿನೈದು ಸೆಕೆಂಡು ಮಾತ್ರ. ಆದ್ದರಿಂದ ಟ್ರೇ ಎಷ್ಟು ದೊಡ್ಡದಿದೆ ಎಂದು ನೋಡಿ ಹಿಟ್ಟು ಹಾಕಬಾರದು, ಮಡಚುವ ಕೈಗಳು ಎಷ್ಟಿವೆ ಎಂದು ನೋಡಿ ಹಾಕಬೇಕು. ಒಬ್ಬರೇ ಇದ್ದರೆ ಒಂದು ಟ್ರೇಗೆ ಎರಡು, ಇಬ್ಬರಿದ್ದರೆ ನಾಲ್ಕು. ಎಷ್ಟೇ ಪಳಗಿದ ಕೈಯಾದರೂ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಬೇಡ.

ಹೀಗಾಗುವುದಕ್ಕೆ ಕಾರಣ ಸಕ್ಕರೆ. ಈ ಹಿಟ್ಟಿನಲ್ಲಿ ಸಕ್ಕರೆಯ ಪಾಲು ಮೈದಾಕ್ಕಿಂತ ಹೆಚ್ಚಿರುತ್ತದೆ. ಬಿಸಿಯಲ್ಲಿ ಆ ಸಕ್ಕರೆ ಕರಗಿ ಬಿಲ್ಲೆಯನ್ನು ಬಾಗುವಂತೆ ಇಡುತ್ತದೆ. ತಣಿದಂತೆ ಅದು ಮತ್ತೆ ಹರಳುಗಟ್ಟದೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಫಾರ್ಚೂನ್ ಕುಕಿಯ ಗರಿಗರಿತನವೆಂದರೆ ಈ ಗಾಜುತನವೇ. ಅದೇ ಸಕ್ಕರೆ ಗಾಳಿಯ ತೇವವನ್ನು ಹೀರಿಕೊಂಡರೆ ಗಾಜುತನ ಕಳೆದುಕೊಂಡು ಮತ್ತೆ ಮೆತ್ತಗಾಗುತ್ತದೆ. ನಿಮಗೆ ಎದುರಾದ ಎರಡು ತೊಂದರೆಗಳೂ, ಅಂದರೆ ಬಿಸಿ ಆರಿದಾಗ ಮುರಿದದ್ದು ಮತ್ತು ಡಬ್ಬಿಯಲ್ಲಿ ಬಾಗಿದ್ದು, ಒಂದೇ ಬೇರಿನಿಂದ ಬಂದವು.

ಇನ್ನು ಅಳತೆ. ಎರಡು ಮೊಟ್ಟೆಗಳ ಬಿಳಿಭಾಗ (ಸುಮಾರು 60 ಗ್ರಾಂ), ನುಣ್ಣಗಿನ ಸಕ್ಕರೆ 80 ಗ್ರಾಂ, ಮೈದಾ 60 ಗ್ರಾಂ, ಕರಗಿಸಿ ಆರಿಸಿದ ಬೆಣ್ಣೆ 40 ಗ್ರಾಂ, ಕಾರ್ನ್‌ಫ್ಲೋರ್ ಒಂದು ಟೀ ಚಮಚ, ನೀರು ಒಂದು ದೊಡ್ಡ ಚಮಚ, ವೆನಿಲ್ಲಾ ಎಸೆನ್ಸ್ ಅರ್ಧ ಟೀ ಚಮಚ, ಒಂದು ಚಿಟಿಕೆ ಉಪ್ಪು. ಇದರಲ್ಲಿ ಹದಿನೆಂಟರಿಂದ ಇಪ್ಪತ್ತು ಕುಕಿಗಳಾಗುತ್ತವೆ. ಬಿಳಿಭಾಗವನ್ನು ನೊರೆ ಉಕ್ಕುವಂತೆ ಕಡೆಯಬೇಡಿ. ಗಾಳಿ ತುಂಬಿದರೆ ಬಿಲ್ಲೆಯ ಮೇಲೆ ಗುಳ್ಳೆಗಳೆದ್ದು, ಮಡಚುವಾಗ ಆ ಜಾಗದಲ್ಲೇ ಸೀಳುತ್ತದೆ. ಸಕ್ಕರೆಯೊಡನೆ ಸುಮ್ಮನೆ ಕಲಕಿ, ಮೈದಾವನ್ನು ಜರಡಿ ಹಿಡಿದು ಸೇರಿಸಿ, ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ಚಮಚ ಎತ್ತಿದರೆ ಹಿಟ್ಟು ತುಂಡಾಗದೆ ಪಟ್ಟಿಯಾಗಿ ಇಳಿಯಬೇಕು.

ಸಿಲಿಕೋನ್ ಮ್ಯಾಟ್ ಇದ್ದರೆ ಅದನ್ನೇ ಬಳಸಿ, ಏಕೆಂದರೆ ತೆಳುವಾದ ಹಿಟ್ಟಿನ ತೇವಕ್ಕೆ ಬೇಕಿಂಗ್ ಪೇಪರ್ ಸುಕ್ಕಾಗಿ, ಆ ಸುಕ್ಕು ಕುಕಿಯ ಮೈಮೇಲೆ ಅಚ್ಚೊತ್ತುತ್ತದೆ. ಎರಡು ಟೀ ಚಮಚ ಹಿಟ್ಟನ್ನು ಇಟ್ಟು, ಚಮಚದ ಬೆನ್ನಿನಿಂದ ಎಂಟರಿಂದ ಒಂಬತ್ತು ಸೆಂಟಿಮೀಟರ್ ಅಗಲಕ್ಕೆ, ನಡುವೆಯೂ ಅಂಚಿನಲ್ಲೂ ಒಂದೇ ದಪ್ಪವಿರುವಂತೆ ಹರಡಿ. ಈ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಮಡಚುವುದಲ್ಲ, ಹರಡುವುದು. ಅಂಚು ತೆಳುವಾಗಿ ನಡುಭಾಗ ದಪ್ಪವಾದರೆ ಅಂಚು ಸೀಯುವ ಹೊತ್ತಿಗೂ ನಡುವೆ ಹಸಿಯಾಗಿಯೇ ಇರುತ್ತದೆ. 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಏಳರಿಂದ ಒಂಬತ್ತು ನಿಮಿಷ ಹಿಡಿಯುತ್ತದೆ, ಆದರೆ ನೀವು ಕೇಳಿದಂತೆ ಗಡಿಯಾರ ಇಲ್ಲಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ. ಬಣ್ಣ ನೋಡಿ. ಸುತ್ತಲೂ ಒಂದು ಸೆಂಟಿಮೀಟರ್‌ನಷ್ಟು ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗ ಕೆನೆಬಣ್ಣದಲ್ಲೇ ಉಳಿದು, ಹಸಿ ಹಿಟ್ಟಿನ ಹೊಳಪು ಪೂರ್ತಿ ಮಾಸಿರಬೇಕು. ನಡುಭಾಗವೂ ಕೆಂಪಾದರೆ ಮಡಚಲು ಬಾರದು. ಅಂಚಿಗೆ ಬಣ್ಣವೇ ಬಾರದಿದ್ದರೆ ಸುಲಭವಾಗಿ ಮಡಚಿಕೊಳ್ಳುತ್ತದೆ, ಆದರೆ ಎಂದಿಗೂ ಗರಿಗರಿಯಾಗುವುದಿಲ್ಲ. ನಿಮ್ಮ ಡಬ್ಬಿಯಲ್ಲಿ ಮೆತ್ತಗಾದವು ಬಹುಶಃ ಈ ಎರಡನೆಯ ಬಗೆಯವು.

ಮಡಚುವಾಗ ತೆಳ್ಳಗಿನ ಸವಟಿನಿಂದ ಬಿಲ್ಲೆಯನ್ನು ಎಬ್ಬಿಸಿ ಮಗುಚಿ ಹಾಕಿ, ನಡುವೆ ಚೀಟಿಯಿಟ್ಟು ಅರ್ಧಚಂದ್ರಾಕಾರಕ್ಕೆ ಮಡಚಿ. ಮಡಿಕೆಯ ನೇರ ಅಂಚನ್ನು ಒತ್ತಿ ಚಪ್ಪಟೆ ಮಾಡಬೇಡಿ, ಕಮಾನಿನ ಅಂಚನ್ನಷ್ಟೇ ಬೆರಳಿನಿಂದ ಒಂದು ಕ್ಷಣ ಕೂಡಿಸಿ ಹಿಡಿಯಿರಿ. ಕೂಡಲೇ ನೇರ ಅಂಚಿನ ನಡುಭಾಗವನ್ನು ಲೋಟದ ಕಂಠದ ಮೇಲಿಟ್ಟು, ಒಂದು ತುದಿ ಲೋಟದ ಒಳಕ್ಕೆ, ಇನ್ನೊಂದು ತುದಿ ಹೊರಕ್ಕೆ ಬರುವಂತೆ ಎರಡನ್ನೂ ಕೆಳಗೆ ಎಳೆಯಿರಿ. ಅಲ್ಲಿಂದ ತೆಗೆದು ಮಫಿನ್ ಟ್ರೇಯ ಗುಳಿಯಲ್ಲಿ ಕೂರಿಸಿದರೆ ತಣಿಯುವಾಗ ಬಿಚ್ಚಿಕೊಳ್ಳುವುದಿಲ್ಲ. ಎರಡನೆಯ ಬಿಲ್ಲೆ ಗಟ್ಟಿಯಾಗುತ್ತಿದೆ ಎನ್ನಿಸಿದರೆ ಬಲವಂತ ಮಾಡದೆ ಅರ್ಧ ನಿಮಿಷ ಮತ್ತೆ ಓವನ್ನಿಗೆ ಇಡಿ, ಅದು ಮೆತ್ತಗಾಗುತ್ತದೆ.

ನಲವತ್ತು ಮಂದಿಗೆ ಐವತ್ತೈದು ಮಾಡಿಟ್ಟುಕೊಳ್ಳಿ, ಅಂದರೆ ಮೇಲಿನ ಅಳತೆಯ ಮೂರು ಪಟ್ಟು. ಒಬ್ಬರೇ ಒಂದೇ ಟ್ರೇಯಲ್ಲಿ ಎರಡೆರಡನ್ನು ಎಂಟೆಂಟು ನಿಮಿಷ ಬೇಯಿಸುತ್ತ ಹೋದರೆ ಮೂರೂವರೆ ಗಂಟೆಗೂ ಮೀರುತ್ತದೆ. ಎರಡು ಟ್ರೇಗಳನ್ನಿಟ್ಟುಕೊಂಡು, ಮೊದಲನೆಯದು ಒಳಗೆ ಹೋದ ನಾಲ್ಕು ನಿಮಿಷಕ್ಕೆ ಎರಡನೆಯದನ್ನು ಇಟ್ಟರೆ, ಒಂದನ್ನು ಮಡಚಿ ಮುಗಿಸುವಷ್ಟರಲ್ಲಿ ಇನ್ನೊಂದು ಸಿದ್ಧವಾಗುತ್ತದೆ ಮತ್ತು ಒಟ್ಟು ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬಾಗಿಲನ್ನು ಮತ್ತೆ ಮತ್ತೆ ತೆರೆಯುವುದರಿಂದ ಬಿಸಿ ಇಳಿಯುತ್ತದೆಯಾದ್ದರಿಂದ ಆಗ 180ಕ್ಕೆ ಏರಿಸಿಕೊಳ್ಳಿ. ಬಿಸಿ ಟ್ರೇಯ ಮೇಲೆ ಮಾತ್ರ ಹಿಟ್ಟು ಹಾಕಬೇಡಿ. ಹರಡುವ ಮೊದಲೇ ಅದು ತಳ ಹಿಡಿಯುತ್ತದೆ, ಆದ್ದರಿಂದ ಮೂರನೆಯ ಟ್ರೇ ಒಂದಿದ್ದರೆ ಇನ್ನೂ ಒಳ್ಳೆಯದು.

ನನ್ನ ಮಟ್ಟಿಗೆ ಕೂಟದ ಹಿಂದಿನ ದಿನಕ್ಕಿಂತ ಮೊದಲು ಮಾಡುವುದು ಬೇಡ.

ಉತ್ತರ: ಸಂಜೆಯ ಒಲೆ

ಮೇಲಿನವರು ಹೇಳಿದ ವಿಧಾನದಲ್ಲಿ ತಿದ್ದಲು ಹೆಚ್ಚೇನಿಲ್ಲ. ಆದರೆ ಎರಡು ವಿಷಯಗಳಲ್ಲಿ ನನಗೆ ಭಿನ್ನಾಭಿಪ್ರಾಯವಿದೆ.

ಮೊದಲನೆಯದು ಬೆಣ್ಣೆ. ಬೆಣ್ಣೆಯ ಪರಿಮಳಕ್ಕೆ ಸಾಟಿಯಿಲ್ಲವೆಂಬುದು ನಿಜ. ಆದರೆ ಎರಡು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಬಳಸಬೇಕಾದ ಹಿಟ್ಟಿನಲ್ಲಿ ಬೆಣ್ಣೆ, ಕೋಣೆ ತಂಪಾಗಿದ್ದರೆ, ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಮೊದಲ ಬಿಲ್ಲೆ ಹರಡಿದ ಹಾಗೆ ಇಪ್ಪತ್ತನೆಯ ಬಿಲ್ಲೆ ಹರಡುವುದಿಲ್ಲ. ದಪ್ಪ ಹೆಚ್ಚಾಗುತ್ತದೆ, ಬೇಯುವ ಸಮಯ ಬದಲಾಗುತ್ತದೆ, ಕಣ್ಣಿಗೆ ಅಭ್ಯಾಸವಾದ ಬಣ್ಣದ ಅಂದಾಜೂ ತಪ್ಪುತ್ತದೆ. ವಾಸನೆಯಿಲ್ಲದ ಅಡುಗೆ ಎಣ್ಣೆಯನ್ನು 35 ಗ್ರಾಂ ಬಳಸಿದರೆ ಹಿಟ್ಟು ಮೊದಲಿನಿಂದ ಕೊನೆಯವರೆಗೂ ಒಂದೇ ಹದದಲ್ಲಿರುತ್ತದೆ. ಬೆಣ್ಣೆಯಲ್ಲಿ ನೀರಿನ ಅಂಶವೂ ಇರುವುದರಿಂದ, ಎಣ್ಣೆಗೆ ಬದಲಿಸಿದಾಗ ಹಿಟ್ಟು ಗಟ್ಟಿಯೆನ್ನಿಸಿದರೆ ಒಂದು ಟೀ ಚಮಚ ನೀರು ಹೆಚ್ಚಿಗೆ ಸೇರಿಸಬೇಕಾಗಬಹುದು. ಪರಿಮಳ ಬೇಕೆಂದರೆ ಒಂದೆರಡು ಹನಿ ಹುರಿದ ಎಳ್ಳಿನ ಎಣ್ಣೆ ಸಾಕು. ಬೆಣ್ಣೆಯೇ ಬೇಕೆನ್ನುವವರು ಹಿಟ್ಟಿನ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಇಟ್ಟುಕೊಂಡು ಕೆಲಸ ಮಾಡಲಿ.

ಎರಡನೆಯದು, ಹಿಂದಿನ ದಿನವೇ ಮಾಡಬೇಕೆಂಬ ಮಾತು. ನಲವತ್ತು ಮಂದಿಯ ಊಟದ ಸಿದ್ಧತೆಯಿರುವ ಮನೆಯಲ್ಲಿ ಹಿಂದಿನ ದಿನ ಓವನ್ ಎರಡು ಗಂಟೆ ಖಾಲಿ ಸಿಗುವುದು ಕನಸಿನ ಮಾತು. ಪೂರ್ತಿ ಆರಿದ ಕುಕಿಗಳನ್ನು ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಆಹಾರಕ್ಕೆ ಯೋಗ್ಯವಾದ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಟ್ಟರೆ ನಾಲ್ಕೈದು ದಿನ ಹಾಗೆಯೇ ಇರುತ್ತವೆ. ಇಲ್ಲಿ ಮುಖ್ಯವಾದ ಮಾತೆಂದರೆ ‘ಪೂರ್ತಿ ಆರಿದ’ ಎಂಬುದು. ಒಂದಿಷ್ಟು ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದರೆ ಅವುಗಳ ಆವಿಯೇ ಅವುಗಳಿಗೆ ಶತ್ರುವಾಗುತ್ತದೆ. ಒಂದು ವೇಳೆ ಮೆತ್ತಗಾದರೂ ಕೈ ಚೆಲ್ಲಬೇಕಾಗಿಲ್ಲ. ಮಫಿನ್ ಟ್ರೇಯ ಗುಳಿಗಳಲ್ಲಿ ಕೂರಿಸಿ 140 ಡಿಗ್ರಿಯಲ್ಲಿ ಆರೇಳು ನಿಮಿಷ ಇಟ್ಟು ಹೊರತೆಗೆದರೆ, ತಣಿದ ಮೇಲೆ ಮತ್ತೆ ಗರಿಗರಿಯಾಗುತ್ತವೆ. ಬಿಸಿಯಲ್ಲಿ ಸಕ್ಕರೆ ಮತ್ತೆ ಮೆದುವಾಗುವುದರಿಂದ ಗುಳಿಯ ಆಸರೆಯಿಲ್ಲದೆ ಇಟ್ಟರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಳಗಿರುವ ಕಾಗದಕ್ಕೆ ಆ ಬಿಸಿಯಿಂದ ಬೆಂಕಿ ಹತ್ತುವ ಭಯವಿಲ್ಲ.

ಓವನ್ ಇಲ್ಲದವರೂ ಇದನ್ನು ಓದುತ್ತಿರಬಹುದು. ದಪ್ಪ ತಳದ ನಾನ್‌ಸ್ಟಿಕ್ ಬಾಣಲೆಯಲ್ಲಿ, ಉರಿಯನ್ನು ಅತಿ ಸಣ್ಣದಾಗಿಸಿ, ಒಂದೊಂದೇ ಬಿಲ್ಲೆ ಹರಡಿ, ಮೇಲ್ಮೈಯ ಹೊಳಪು ಮಾಸಿದ ಮೇಲೆ ಮಗುಚಿ, ಇನ್ನೊಂದು ನಿಮಿಷ ಬಿಟ್ಟು ಮಡಚಬಹುದು. ಮುಚ್ಚಳ ಮುಚ್ಚಬಾರದು. ಓವನ್ನಿನಷ್ಟು ಒಂದೇ ಸಮನಾದ ಬಣ್ಣ ಬಾರದು ಮತ್ತು ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಒಂದೊಂದಾಗಿಯೇ ಬರುವುದರಿಂದ ಮಡಚುವ ಅವಸರವಿರುವುದಿಲ್ಲ.

ಉತ್ತರ: ಹಳೆಯ ಪುಟಗಳು

ಅಡುಗೆಯ ವಿಷಯದಲ್ಲಿ ನಾನು ಮೇಲಿನವರಷ್ಟು ಪಳಗಿದವನಲ್ಲ. ಆದರೆ ಈ ತಿನಿಸಿನ ಇತಿಹಾಸದಲ್ಲಿ ನಿಮ್ಮ ಚೀಟಿಯ ಸಮಸ್ಯೆಗೆ ಒಂದು ಪರಿಹಾರವಿರುವುದರಿಂದ ಬರೆಯುತ್ತಿದ್ದೇನೆ.

ಫಾರ್ಚೂನ್ ಕುಕಿ ಚೀನಾದ ಪುರಾತನ ತಿನಿಸೆಂಬ ನಂಬಿಕೆ ವ್ಯಾಪಕವಾಗಿದೆ, ಹಬ್ಬದ ಆಹ್ವಾನಪತ್ರಿಕೆಗಳಲ್ಲೂ ಹಾಗೆಂದು ಬರೆಯುತ್ತಾರೆ. ಅದು ಚೀನಾದ ಸಂಪ್ರದಾಯವಲ್ಲ, ಅಮೆರಿಕದ ಚೀನೀ ಹೋಟೆಲುಗಳ ಸಂಪ್ರದಾಯ. ಅದರ ಮೂಲವನ್ನು ಹುಡುಕುತ್ತ ಹೋದರೆ ಜಪಾನಿಗೆ ತಲುಪುತ್ತೇವೆ. ಕ್ಯೋಟೊ ನಗರದ ಫುಶಿಮಿ ಇನಾರಿ ದೇವಾಲಯದ ಆಸುಪಾಸಿನ ಅಂಗಡಿಗಳಲ್ಲಿ ‘ಸುಜಿಉರಾ ಸೆನ್ಬೆ’ ಎಂಬ, ಇದೇ ಆಕಾರದ ಬಿಸ್ಕತ್ತನ್ನು ಉದ್ದ ಹಿಡಿಯ ಕಬ್ಬಿಣದ ಅಚ್ಚುಗಳಲ್ಲಿ ಬೇಯಿಸಿ ಕೈಯಿಂದ ಮಡಚುತ್ತಾರೆ. ಜಪಾನಿನ ಸಂಶೋಧಕಿ ಯಸುಕೊ ನಕಮಾಚಿಯವರು ಇದರ ಜಾಡು ಹಿಡಿದು ಹೋಗಿ, 1878ರ ಒಂದು ಪುಸ್ತಕದ ಚಿತ್ರದಲ್ಲಿ ಒಬ್ಬಾತ ಇಂಥ ಬಿಸ್ಕತ್ತುಗಳನ್ನು ಸುಡುತ್ತಿರುವುದನ್ನು ಗುರುತಿಸಿದರು. ಅಮೆರಿಕದಲ್ಲಿ ಇದನ್ನು ಮೊದಲು ಹಂಚಿದವರು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನ ಜಪಾನೀ ಟೀ ಗಾರ್ಡನ್ ನೋಡಿಕೊಳ್ಳುತ್ತಿದ್ದ ಮಕೊಟೊ ಹಗಿವಾರಾ ಎಂದು ಒಂದು ಪಕ್ಷ, ಲಾಸ್ ಏಂಜಲೀಸಿನಲ್ಲಿ ನೂಡಲ್ಸ್ ಕಾರ್ಖಾನೆ ನಡೆಸುತ್ತಿದ್ದ ಡೇವಿಡ್ ಜಂಗ್ ಎಂದು ಇನ್ನೊಂದು ಪಕ್ಷ. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಕುರಿತು ಒಂದು ಅಣಕು ನ್ಯಾಯಾಲಯವೇ ಸೇರಿ ಹಗಿವಾರಾ ಪರವಾಗಿ ತೀರ್ಪು ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ನಡೆದ ವಿಚಾರಣೆಯಲ್ಲಿ ಬೇರೆ ತೀರ್ಪು ಬರುವುದು ಕಷ್ಟವೇ ಇತ್ತೆನ್ನಿ.

ಜಪಾನೀಯರ ತಿನಿಸು ಚೀನೀಯರ ಹೆಸರಿಗೆ ಬಂದದ್ದರ ಹಿಂದೆ ನಗುವ ವಿಷಯವಿಲ್ಲ. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರ ಬೇಕರಿಗಳು ಮುಚ್ಚಿದವು, ಅದೇ ಕಾಲದಲ್ಲಿ ಚೀನೀ ಮೂಲದವರ ಕಾರ್ಖಾನೆಗಳು ಈ ಕುಕಿಯ ತಯಾರಿಕೆಯನ್ನು ದೊಡ್ಡದಾಗಿ ಕೈಗೆತ್ತಿಕೊಂಡವು. ನಿಮ್ಮ ಕೂಟದಲ್ಲಿ ಯಾರಾದರೂ ಇದರ ಕಥೆ ಹೇಳುವುದಿದ್ದರೆ ದಯವಿಟ್ಟು ಈ ಭಾಗವನ್ನು ಬಿಡಬೇಡಿ.

ಈಗ ಚೀಟಿಯ ವಿಷಯ. ಕ್ಯೋಟೊದ ಆ ಬಿಸ್ಕತ್ತಿನಲ್ಲಿ ಬೆಣ್ಣೆ ಇರುವುದಿಲ್ಲ. ಎಳ್ಳು ಮತ್ತು ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಹಾಕುತ್ತಾರೆ, ಬಣ್ಣ ಗಾಢ ಕಂದು, ಗಾತ್ರವೂ ದೊಡ್ಡದು. ಎಲ್ಲಕ್ಕಿಂತ ಮುಖ್ಯವಾಗಿ, ಚೀಟಿಯನ್ನು ಹೊಟ್ಟೆಯೊಳಗೆ ಮುಚ್ಚಿಡದೆ, ಬಾಗಿದ ಎರಡು ತುದಿಗಳ ನಡುವಿನ ಸಂದಿಯಲ್ಲಿ ಹೊರಗಿನಿಂದ ಸಿಕ್ಕಿಸುತ್ತಾರೆ. ನೀವೂ ಹಾಗೆಯೇ ಮಾಡಿದರೆ ಏನೆಲ್ಲ ಅನುಕೂಲಗಳಿವೆ ನೋಡಿ. ಬಿಸಿ ಬಿಲ್ಲೆ ಕೈಯಲ್ಲಿರುವಾಗ ಚೀಟಿ ಇಡುವ ಒಂದೆರಡು ಸೆಕೆಂಡು ಉಳಿಯುತ್ತದೆ, ಹದಿನೈದು ಸೆಕೆಂಡಿನ ಕೆಲಸದಲ್ಲಿ ಅದು ಸಣ್ಣ ಉಳಿತಾಯವಲ್ಲ. ಶಾಯಿ ಮತ್ತು ಜಿಡ್ಡು ಒಂದಕ್ಕೊಂದು ತಾಗುವುದಿಲ್ಲ. ಮೆತ್ತಗಾದ ಕುಕಿಯನ್ನು ಮತ್ತೆ ಓವನ್ನಿಗೆ ಇಡುವಾಗ ಕಾಗದದ ಚಿಂತೆಯಿಲ್ಲ. ಕೊನೆಯ ಗಳಿಗೆಯಲ್ಲಿ ಬರುವೆನೆಂದವರಿಗೂ ಆಗಲೇ ಚೀಟಿ ಬರೆದು ಸಿಕ್ಕಿಸಬಹುದು. ಯಾರ ಚೀಟಿ ಯಾರಿಗೆ ಹೋಗಬೇಕೆಂಬುದನ್ನು ನೀವೇ ನಿರ್ಧರಿಸಬಹುದು. ಕುಕಿ ಒಡೆದು ಒಳಗಿನಿಂದ ಚೀಟಿ ತೆಗೆಯುವ ಮೋಜು ಮಾತ್ರ ಇಲ್ಲವಾಗುತ್ತದೆ, ಅದನ್ನು ನೀವು ತೂಗಿ ನೋಡಬೇಕು.

ಕೂಟದ ಹೊಣೆಗಾರ

ಮೂವರಿಗೂ ಕೃತಜ್ಞತೆಗಳು. ಚೀಟಿಯನ್ನು ಹೊರಗೆ ಸಿಕ್ಕಿಸುವ ಉಪಾಯ ನನಗೆ ಹೊಳೆದೇ ಇರಲಿಲ್ಲ. ಆದರೂ ಎಲ್ಲರೂ ಒಟ್ಟಿಗೆ ಕುಕಿ ಮುರಿಯುವ ಸದ್ದು ಕೇಳಬೇಕೆಂಬ ಆಸೆಯಿರುವುದರಿಂದ ಚೀಟಿಯನ್ನು ಒಳಗೇ ಇಡಲು ಮನಸ್ಸು ಎಳೆಯುತ್ತಿದೆ. ಹಾಗಿದ್ದರೆ ಯಾವ ಕಾಗದ ಬಳಸಲಿ? ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತು: ಬರುವವರಲ್ಲಿ ಏಳೆಂಟು ಮಂದಿ ಮೊಟ್ಟೆ ತಿನ್ನುವುದಿಲ್ಲ, ಒಂದು ಮಗುವಿಗೆ ಮೊಟ್ಟೆಯ ಅಲರ್ಜಿಯೇ ಇದೆ. ಮೊಟ್ಟೆಯಿಲ್ಲದೆ ಇದು ಸಾಧ್ಯವೇ? ಹಾಗೆಯೇ, ಚೀಟಿಯಲ್ಲಿ ಏನು ಬರೆಯಬೇಕೆಂದು ಕುಳಿತರೆ ಹತ್ತು ಚೀಟಿ ದಾಟುವಷ್ಟರಲ್ಲಿ ಎಲ್ಲವೂ ಒಂದೇ ಬಗೆಯ ಹಾರೈಕೆಗಳಾಗುತ್ತಿವೆ.

ಉತ್ತರ: ಸಂಜೆಯ ಒಲೆ

ಮೊಟ್ಟೆಯಿಲ್ಲದೆ ಸಾಧ್ಯವಿದೆ, ಆದರೆ ಅದನ್ನು ಬೇರೆಯೇ ತಿನಿಸೆಂದು ಭಾವಿಸಿ ಕೈ ಹಾಕಿ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಬಿಳಿಭಾಗದ ಬದಲಿಗೆ ಬಳಸುವುದು ಈಗ ಬಹಳ ಮಂದಿಗೆ ತಿಳಿದಿರುವ ವಿಧಾನ. ಆ ನೀರು ತೆಳ್ಳಗಿದ್ದರೆ ಸಣ್ಣ ಉರಿಯಲ್ಲಿ ಇಂಗಿಸಿ, ತಣಿದಾಗ ಬಿಳಿಭಾಗದಷ್ಟೇ ಮಂದವಾಗುವಂತೆ ಮಾಡಿಕೊಳ್ಳಿ. ಎರಡು ಬಿಳಿಭಾಗಗಳ ಜಾಗದಲ್ಲಿ ನಾಲ್ಕು ದೊಡ್ಡ ಚಮಚ ಬೇಕಾಗುತ್ತದೆ. ಮೊಟ್ಟೆಯ ಬಿಳಿಭಾಗ ಬಿಸಿಗೆ ಹೆಪ್ಪುಗಟ್ಟಿ ಬಿಲ್ಲೆಗೆ ಬಲ ಕೊಡುತ್ತದೆ, ಕಡಲೆಯ ನೀರಿನಿಂದ ಅಂಥ ಬಲ ಸಿಗದು. ಆದ್ದರಿಂದ ಕಾರ್ನ್‌ಫ್ಲೋರನ್ನು ಎರಡು ಟೀ ಚಮಚಕ್ಕೆ ಏರಿಸಿ, ಬಿಲ್ಲೆಯ ಅಗಲವನ್ನು ಏಳು ಸೆಂಟಿಮೀಟರಿಗೆ ಇಳಿಸಿ, 160 ಡಿಗ್ರಿಯಲ್ಲಿ ಒಂದೆರಡು ನಿಮಿಷ ಹೆಚ್ಚು ಬೇಯಿಸಿ. ಇವು ಇನ್ನೂ ಬೇಗ ಗಟ್ಟಿಯಾಗುತ್ತವೆಯಾದ್ದರಿಂದ ಒಂದು ಸಲಕ್ಕೆ ಒಂದೇ ಬಿಲ್ಲೆ ಬೇಯಿಸುವುದು ಉತ್ತಮ. ಎಂಟೋ ಹತ್ತೋ ಮಾಡಬೇಕಾದಾಗ ಅದೇನೂ ಹೊರೆಯಲ್ಲ.

ಅಲರ್ಜಿಯಿರುವ ಮಗುವಿನ ವಿಷಯ ಮಾತ್ರ ಇಷ್ಟಕ್ಕೇ ಮುಗಿಯುವುದಿಲ್ಲ. ಮೊಟ್ಟೆಯಿಲ್ಲದ ಹಿಟ್ಟನ್ನು ಮೊದಲು ಕಲಸಿ, ಮೊದಲು ಬೇಯಿಸಿ, ಡಬ್ಬಿಗೆ ಹಾಕಿ ಮುಚ್ಚಿದ ಮೇಲೆಯೇ ಮೊಟ್ಟೆಗಳನ್ನು ಹೊರತೆಗೆಯಿರಿ. ಪಾತ್ರೆ, ಚಮಚ, ಮ್ಯಾಟ್, ಮಡಚುವ ಲೋಟ ಎಲ್ಲವೂ ತೊಳೆದು ಒಣಗಿಸಿದವಾಗಿರಲಿ. ಬಡಿಸುವಾಗಲೂ ಬೇರೆ ತಟ್ಟೆಯಿರಲಿ, ಆ ಚೀಟಿಗಳ ತುದಿಗೆ ಬಣ್ಣದ ಗುರುತಿರಲಿ. ನಾನು ಹೇಳಿದ ಎಳ್ಳಿನ ಎಣ್ಣೆಯೂ ಕೆಲವರಿಗೆ ಅಲರ್ಜಿಯೇ, ಬಾದಾಮಿ ಎಸೆನ್ಸ್ ಬಳಸುವವರೂ ಒಮ್ಮೆ ವಿಚಾರಿಸಿಕೊಳ್ಳಿ.

ಚೀಟಿಗೆ ಹೊಳಪಿನ ಲೇಪವಿಲ್ಲದ ಸಾದಾ ಬಿಳಿ ಕಾಗದ, ಒಂದೂವರೆ ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಉದ್ದ ಸಾಕು. ಒಳಗೆ ಇಡುವುದಾದರೆ ಕೇಕಿನ ಮೇಲೆ ಬರೆಯಲು ಸಿಗುವ, ತಿನ್ನಬಹುದಾದ ಶಾಯಿಯ ಪೆನ್ನಿನಲ್ಲಿ ಬರೆಯಿರಿ. ಪ್ರಿಂಟರ್ ಶಾಯಿ ತಿನಿಸಿಗೆ ತಾಗಬೇಕೆಂದು ತಯಾರಾದದ್ದಲ್ಲ, ಜೊತೆಗೆ ಜಿಡ್ಡಿಗೂ ತೇವಕ್ಕೂ ಕದಡುತ್ತದೆ. ಚೀಟಿಯ ಒಂದು ತುದಿ ಕುಕಿಯಿಂದ ಅರ್ಧ ಸೆಂಟಿಮೀಟರ್ ಹೊರಗೆ ಕಾಣುವಂತಿರಲಿ, ಕಾಗದವಿದೆಯೆಂದು ತಿಳಿಯದವರು ಇಡಿಯಾಗಿ ಬಾಯಿಗೆ ಹಾಕಿಕೊಳ್ಳದಿರಲಿ. ತೀರ ಚಿಕ್ಕ ಮಕ್ಕಳಿಗೆ ಚೀಟಿಯನ್ನು ಬೇರೆಯಾಗಿಯೇ ಕೊಡಿ.

ಉತ್ತರ: ಚೀಟಿ ಬರೆಯುವವಳು

ನಮ್ಮ ಗೆಳೆಯರ ಬಳಗದಲ್ಲಿ ಪ್ರತಿ ವರ್ಷ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಒಬ್ಬರೇ ಕುಳಿತು ನಲವತ್ತನ್ನೂ ಬರೆದರೆ ಅವು ಒಂದೇ ದನಿಯಲ್ಲಿ ಮಾತಾಡುವುದು ಸಹಜ. ಬರುವವರಲ್ಲಿ ನಾಲ್ಕು ಮಂದಿಗೆ ತಲಾ ಹತ್ತು ಬರೆಯಲು ಹೇಳಿ, ಆಗ ದನಿ ತಾನಾಗಿಯೇ ಬದಲಾಗುತ್ತದೆ. ಅವರವರು ಬರೆದದ್ದು ಅವರವರಿಗೇ ಬಂದರೂ ನಗುವಿಗೇನೂ ಕೊರತೆಯಾಗದು.

ಹಾರೈಕೆಗಳನ್ನು ಕಡಿಮೆ ಮಾಡಿ. ‘ನಿಮಗೆ ಸಕಲ ಸಂತೋಷ ಲಭಿಸಲಿ’ ಎಂಬ ಚೀಟಿಯನ್ನು ಓದಿದವರು ಮುಗುಳ್ನಕ್ಕು ಮಡಚಿಡುತ್ತಾರೆ, ಅಲ್ಲಿಗೆ ಮಾತು ನಿಂತಿತು. ಭವಿಷ್ಯವನ್ನು ಚಿಕ್ಕದಾಗಿ, ಖಚಿತವಾಗಿ ಹೇಳುವ ಚೀಟಿಗೆ ಕೂಟದಲ್ಲಿ ಹೆಚ್ಚು ಬೆಲೆ. ಹಿಂದೆ ನಾನು ಬರೆದ ಕೆಲವು ಹೀಗಿದ್ದವು:

‘ನೀವು ಈಗಾಗಲೇ ಎರಡು ಸಲ ಹುಡುಕಿದ ಜಾಗದಲ್ಲೇ ಅದು ಸಿಗುತ್ತದೆ.’

‘ಇಂದು ರಾತ್ರಿ ಪಾತ್ರೆ ತೊಳೆಯುವ ಯೋಗ ನಿಮಗಿಲ್ಲ, ಎಡಗಡೆ ಕುಳಿತವರಿಗಿದೆ.’

‘ಮಾರ್ಚ್ ತಿಂಗಳಲ್ಲಿ ಒಪ್ಪಿಕೊಳ್ಳುವ ಒಂದು ಸಣ್ಣ ಕೆಲಸ ಮೇ ತಿಂಗಳವರೆಗೆ ನಿಮ್ಮನ್ನು ಬಿಡುವುದಿಲ್ಲ.’

‘ಇಲ್ಲಿರುವವರಲ್ಲಿ ಒಬ್ಬರು ನಿಮಗೆ ಪುಸ್ತಕವೊಂದನ್ನು ಹಿಂದಿರುಗಿಸಬೇಕಾಗಿದೆ. ಅವರಿಗೂ ಅದು ನೆನಪಿದೆ.’

ಎರಡನೆಯ ಬಗೆಯ ಚೀಟಿಗಳು ಅಪ್ಪಣೆ ಕೊಡುವಂಥವು: ಎದುರು ಕುಳಿತವರ ಮೊದಲ ಕೆಲಸ ಯಾವುದೆಂದು ಕೇಳಬೇಕು, ಈ ವರ್ಷ ಮಾತಾಡಿಸದ ಗೆಳೆಯರಿಗೆ ನಾಳೆಯೊಳಗೆ ಫೋನ್ ಮಾಡಬೇಕು, ಹೀಗೆ. ನಲವತ್ತರಲ್ಲಿ ಏಳೆಂಟು ಇಂಥವಿದ್ದರೆ ಸಾಕು. ಹೆಚ್ಚಾದರೆ ಕೂಟ ಪರೀಕ್ಷಾ ಕೊಠಡಿಯಾಗುತ್ತದೆ. ಮದುವೆ, ಮಕ್ಕಳು, ತೂಕ, ಆರೋಗ್ಯ, ಕೆಲಸ ಸಿಗುವುದು ಬಿಡುವುದು, ಇವುಗಳನ್ನು ಮುಟ್ಟಲೇಬೇಡಿ. ಯಾವ ಚೀಟಿ ಯಾರ ಕೈಗೆ ಹೋಗುತ್ತದೆಂದು ತಿಳಿಯದಿರುವಾಗ, ಒಬ್ಬರಿಗೆ ತಮಾಷೆಯೆನಿಸುವ ಸಾಲು ಇನ್ನೊಬ್ಬರಿಗೆ ಎಲ್ಲರೆದುರು ಓದಲಾಗದ ಸಾಲಾಗಬಹುದು. ಉದ್ದ ಹತ್ತು ಹನ್ನೆರಡು ಪದ ಮೀರದಿರಲಿ.

ಅಮೆರಿಕದ ಕಾರ್ಖಾನೆಗಳ ಚೀಟಿಗಳಲ್ಲಿ ಅದೃಷ್ಟಸಂಖ್ಯೆಗಳನ್ನೂ ಅಚ್ಚು ಹಾಕುತ್ತಾರೆ. 2005ರ ಮಾರ್ಚ್ 30ರಂದು ಅಲ್ಲಿನ ಪವರ್‌ಬಾಲ್ ಲಾಟರಿಯ ಎರಡನೆಯ ಬಹುಮಾನಕ್ಕೆ 110 ಮಂದಿ ಒಟ್ಟಿಗೆ ಬಂದು ನಿಂತಾಗ ಲಾಟರಿಯವರು ಮೋಸವೇನಾದರೂ ನಡೆದಿರಬಹುದೇ ಎಂದು ಗಾಬರಿಗೊಂಡರು. ವಿಚಾರಿಸಿದರೆ, ನ್ಯೂಯಾರ್ಕಿನ ವೊಂಟನ್ ಫುಡ್ ಎಂಬ ಕಂಪನಿಯ ಕುಕಿಗಳಲ್ಲಿದ್ದ ಒಂದೇ ಸಂಖ್ಯಾಸರಣಿಯನ್ನು ನಂಬಿ ಅವರಲ್ಲಿ ಹೆಚ್ಚಿನವರು ಟಿಕೆಟ್ ಕೊಂಡಿದ್ದರು. ಆರರಲ್ಲಿ ಐದು ಸಂಖ್ಯೆಗಳು ಸರಿಹೊಂದಿದ್ದವು, ಕೊನೆಯದೊಂದು ಎರಡರ ಅಂತರದಲ್ಲಿ ತಪ್ಪಿತ್ತು. ಮನೆಯ ಕೂಟದಲ್ಲಿ ಸಂಖ್ಯೆಗಳನ್ನು ಇನ್ನೂ ಸರಳವಾಗಿ ಬಳಸಬಹುದು: ಚೀಟಿಯ ಹಿಂದೆ ಒಂದೇ ಸಂಖ್ಯೆಯನ್ನು ಎರಡೆರಡು ಚೀಟಿಗಳಿಗೆ ಹಾಕಿ, ಜೋಡಿಯನ್ನು ಹುಡುಕಿಕೊಳ್ಳಲು ಹೇಳಿ. ಪರಿಚಯವಿಲ್ಲದವರು ತಾವಾಗಿಯೇ ಮಾತಿಗೆ ಸಿಗುತ್ತಾರೆ. ಬರುವವರ ಸಂಖ್ಯೆ ಬೆಸವಾದರೆ ಒಂಟಿ ಚೀಟಿ ನಿಮ್ಮದೇ ಆಗಿರಲಿ.

ಕೂಟದ ಹೊಣೆಗಾರ

ಜೋಡಿ ಸಂಖ್ಯೆಯ ಸಲಹೆಯನ್ನು ಹಾಗೆಯೇ ತೆಗೆದುಕೊಳ್ಳುತ್ತಿದ್ದೇನೆ. ಕೊನೆಯದಾಗಿ ಎರಡು ಮಾತು. ಮನೆಯ ಮಕ್ಕಳು ತಾವೂ ಮಡಚುತ್ತೇವೆಂದು ಹಟ ಹಿಡಿದಿದ್ದಾರೆ, ಬಿಡಬಹುದೇ? ಕುಕಿಗಳ ತುದಿಯನ್ನು ಚಾಕೊಲೇಟಿನಲ್ಲಿ ಅದ್ದಿದರೆ ಗರಿಗರಿತನ ಕೆಡುತ್ತದೆಯೇ?

ಉತ್ತರ: ಬೇಕರಿ ಕೈ

ಸಕ್ಕರೆ ತುಂಬಿದ ಬಿಲ್ಲೆ ಬಿಸಿಯಲ್ಲಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಆದ್ದರಿಂದ ಮಡಚುವ ಕೆಲಸವನ್ನು ಚಿಕ್ಕವರಿಗೆ ಕೊಡಬೇಡಿ. ದೊಡ್ಡವರೂ ತೆಳ್ಳಗಿನ ಹತ್ತಿಬಟ್ಟೆಯ ಕೈಗವಸು ಹಾಕಿಕೊಂಡರೆ ಒಳ್ಳೆಯದು. ದಪ್ಪ ಓವನ್ ಗವಸಿನಲ್ಲಿ ಬೆರಳು ಆಡುವುದಿಲ್ಲ. ಮಕ್ಕಳು ಚೀಟಿಗಳನ್ನು ಕತ್ತರಿಸಲಿ, ಒಂದೊಂದನ್ನೇ ಕೈಗೆ ಎತ್ತಿಕೊಡಲಿ, ಮಡಚಿದ ಕುಕಿಯನ್ನು ಗುಳಿಯಲ್ಲಿ ಕೂರಿಸಿ ಹತ್ತು ಎಣಿಸಲಿ. ಮಡಚಲೇಬೇಕೆಂದರೆ ಎಂಟು ಸೆಂಟಿಮೀಟರಿನ ಬಣ್ಣದ ಕಾಗದದ ವೃತ್ತಗಳನ್ನು ಕೊಡಿ. ಅದರಲ್ಲಿ ಅಭ್ಯಾಸ ಮಾಡುವುದು ದೊಡ್ಡವರಿಗೂ ಪ್ರಯೋಜನಕಾರಿ, ನಿಜವಾದ ಬಿಲ್ಲೆ ಕೈಗೆ ಬರುವ ಹೊತ್ತಿಗೆ ಯಾವ ಬೆರಳು ಎಲ್ಲಿಗೆ ಹೋಗಬೇಕೆಂದು ಕೈಗೇ ತಿಳಿದಿರುತ್ತದೆ.

ಚಾಕೊಲೇಟಿನಿಂದ ಗರಿಗರಿತನ ಕೆಡುವುದಿಲ್ಲ, ಅದರ ಕೊಬ್ಬಿನ ಪದರ ಆ ಭಾಗಕ್ಕೆ ತೇವ ತಾಗದಂತೆ ಸ್ವಲ್ಪ ಕಾಪಾಡುತ್ತದೆ ಕೂಡ. ಕುಕಿ ಪೂರ್ತಿ ತಣಿದಿರಬೇಕು, ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸುವಾಗ ಒಂದು ಹನಿ ನೀರೂ ಒಳಗೆ ಬೀಳಬಾರದು, ಚೀಟಿಯ ತುದಿ ಇಣುಕುವ ಕಡೆಯನ್ನು ಅದ್ದಬಾರದು. ಮೊಟ್ಟೆಯಿಲ್ಲದ ಕುಕಿಗಳನ್ನು ಇಲ್ಲಿಯೂ ಮೊದಲು ಅದ್ದಿ ತೆಗೆದಿಡಿ, ಉಳಿದವುಗಳ ಚೂರು ಬಿದ್ದ ಚಾಕೊಲೇಟನ್ನು ಆ ಮಗುವಿನ ಕುಕಿಗೆ ಬಳಸುವಂತಿಲ್ಲ. ಅದ್ದಿದ ಮೇಲೆ ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿಗೆ ಮಾತ್ರ ಇಡಬೇಡಿ, ಹೊರತೆಗೆದ ಕೂಡಲೇ ತಣ್ಣನೆಯ ಕುಕಿಯ ಮೈಮೇಲೆ ಗಾಳಿಯ ತೇವ ಕೂತುಕೊಂಡು ಎಲ್ಲ ಶ್ರಮವೂ ನೀರಾಗುತ್ತದೆ. ಬೇಕಿಂಗ್ ಪೇಪರ್ ಮೇಲೆ, ಫ್ಯಾನಿನ ಕೆಳಗೆ, ಒಂದಕ್ಕೊಂದು ತಾಗದಂತೆ ಬಿಟ್ಟು, ಚಾಕೊಲೇಟಿನ ಹೊಳಪು ಮಾಸಿದ ಮೇಲೆ ಡಬ್ಬಿಗೆ ಹಾಕಿ.